ಕುರ್ಚಿ ಜೋಡಿಸುವುದಷ್ಟೇ ಸ್ವಯಂಸೇವೆಯೆ?

ಡೊಂಬಿವಲಿ, ಕಲ್ಯಾಣದ ಕಡೆ ‘ಸೊಸೈಟಿ’ ಎಂದರೆ ನಮಗೆ ನೆನಪಾಗುವುದು ವಾಚ್‌ಮನ್, ನೀರಿನ ಟ್ಯಾಂಕರ್, ಮೇಂಟೆನೆನ್ಸ್ ಬಿಲ್ಲು ಮತ್ತು ಜಗಳಕ್ಕೆಂದೇ ವರ್ಷಕ್ಕೊಮ್ಮೆ ಸೇರುವ ಮಹಾಸಭೆ. ವೈದ್ಯರು, ಮನಶ್ಶಾಸ್ತ್ರಜ್ಞರು ಕಟ್ಟಿಕೊಳ್ಳುವ ಸೊಸೈಟಿಗಳು ಬೇರೆ. ಅಂಥವುಗಳಲ್ಲಿ ಒಂದು ಬಗೆ ‘ಬಿಹೇವಿಯರಲ್ ಮೆಡಿಸಿನ್’ ಸೊಸೈಟಿ. ಅಲ್ಲಿ ಇನ್ನೂ ಓದುತ್ತಿರುವ ಹುಡುಗ ಹುಡುಗಿಯರಿಗೆ ಎಂಥ ಜಾಗ ಇರುತ್ತದೆ, ನಮ್ಮಲ್ಲಿ ಯಾಕೆ ಅದು ಸುಲಭಕ್ಕೆ ಸಿಗುವುದಿಲ್ಲ ಎಂಬುದು ಈ ಸಲದ ಮಾತು.

ಹೆಸರು ದೊಡ್ಡದು, ವಿಷಯ ಮನೆಯದೇ. ದಿನಾ ಅರ್ಧ ಗಂಟೆ ನಡೆಯಿರಿ, ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳುತ್ತಾರೆ. ಹೇಗೆ ಎಂದು ಹೇಳಲು ಅವರಿಗೆ ಪುರಸೊತ್ತಿಲ್ಲ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಲೈನಿನ ಗಾಡಿ ಹಿಡಿದು ಐರೋಲಿಯ ಆಫೀಸು ಮುಟ್ಟುವವನು ಯಾವ ಅರ್ಧ ಗಂಟೆಯಲ್ಲಿ ನಡೆಯಬೇಕು? ತಲೆ ತಿರುಗುವುದು ನಿಂತಿತೆಂದು ಬಿಪಿ ಮಾತ್ರೆಯನ್ನೇ ಬಿಟ್ಟ ಅತ್ತೆಗೆ ಯಾರು, ಯಾವ ಮಾತಿನಲ್ಲಿ ಹೇಳಬೇಕು? ಮಾತ್ರೆಯ ಡಬ್ಬಿಯನ್ನು ಕಾಫಿ ಪುಡಿಯ ಡಬ್ಬಿಯ ಪಕ್ಕ ಇಡಿ, ಕಾಫಿ ಕುಡಿದ ಕೂಡಲೇ ನುಂಗಿ ಎಂದು ಒಂದು ಅಭ್ಯಾಸದ ಬಾಲಕ್ಕೆ ಇನ್ನೊಂದನ್ನು ಕಟ್ಟುವುದು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ದೇಹದ ಕಾಯಿಲೆಯಲ್ಲಿ ನಡವಳಿಕೆಯ ಪಾಲು ಎಷ್ಟು, ಅದನ್ನು ಬದಲಿಸುವುದು ಹೇಗೆ ಎಂದು ಪ್ರಯೋಗ ಮಾಡಿ ನೋಡುವ ಶಾಸ್ತ್ರವೇ ಇದು.

1977ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಸಮ್ಮೇಳನವೊಂದು ಈ ಶಾಸ್ತ್ರಕ್ಕೆ ವ್ಯಾಖ್ಯೆ ಕೊಟ್ಟಿತು. ಮರುವರ್ಷ, 1978ರಲ್ಲಿ, ‘ಸೊಸೈಟಿ ಆಫ್ ಬಿಹೇವಿಯರಲ್ ಮೆಡಿಸಿನ್’ ಹುಟ್ಟಿತು. 1990ರಲ್ಲಿ ಅಂತಾರಾಷ್ಟ್ರೀಯ ಸೊಸೈಟಿಯೂ ಬಂತು. ಅಮೆರಿಕದ ಸೊಸೈಟಿಯಲ್ಲಿ ನನಗೆ ಹಿಡಿಸಿದ್ದು ಅದು ವಿದ್ಯಾರ್ಥಿಗಳನ್ನು ನಡೆಸಿಕೊಳ್ಳುವ ರೀತಿ. ಅವರಿಗೆ ಕಡಿಮೆ ಶುಲ್ಕದ ಸದಸ್ಯತ್ವ, ಅವರದೇ ಒಂದು ಗುಂಪು, ವಾರ್ಷಿಕ ಸಮ್ಮೇಳನದಲ್ಲಿ ಪೋಸ್ಟರ್ ಮಂಡಿಸಲು ಅವಕಾಶ, ಒಳ್ಳೆಯ ಕೆಲಸಕ್ಕೆ ಬಹುಮಾನ. ಪೋಸ್ಟರ್ ಎಂದರೆ ಗೋಡೆಗೆ ಅಂಟಿಸುವ ಚಿತ್ರ ಎಂದುಕೊಳ್ಳಬೇಡಿ. ತನ್ನ ಚಿಕ್ಕ ಅಧ್ಯಯನದ ಪಕ್ಕದಲ್ಲಿ ನಿಂತ ಹುಡುಗಿಯ ಹತ್ತಿರ, ಅವಳು ಯಾರ ಪುಸ್ತಕ ಓದಿ ಪಾಸಾದಳೋ ಅವರೇ ಬಂದು ‘ಇಷ್ಟೇ ಜನರನ್ನು ಯಾಕೆ ಕೇಳಿದೆ?’ ಎನ್ನಬಹುದು. ಆ ಪ್ರಶ್ನೆಗೆ ನಿಂತಲ್ಲೇ ಉತ್ತರ ಹುಡುಕುವಾಗ ವೃತ್ತಿ ಎಂಬುದು ಶುರುವಾಗುತ್ತದೆ. ನಮ್ಮ ಐಟಿಯಲ್ಲಿ ಹೊಸಬ ಬರೆದ ಕೋಡನ್ನು ಹಿರಿಯನೊಬ್ಬ ಸಾಲು ಸಾಲಾಗಿ ತಿದ್ದುತ್ತಾನಲ್ಲ, ಹಾಗೆಯೇ. ಕಾಲೇಜಿನ ನಾಲ್ಕು ವರ್ಷ ಕಲಿಸದ್ದನ್ನು ನನಗೆ ಅಂಥ ತಿದ್ದುಪಡಿಗಳು ಕಲಿಸಿವೆ.

ನಮ್ಮಲ್ಲಿ ಏನೂ ಇಲ್ಲ ಎಂದಲ್ಲ. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಳೆಯ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ಕು ಮೊಬೈಲಿನ ಅತಿಬಳಕೆಯನ್ನು ನೋಡಿಕೊಳ್ಳುತ್ತದೆ. ನಡವಳಿಕೆಯೇ ಕಾಯಿಲೆಯಾದರೆ ಏನು ಮಾಡಬೇಕು ಎಂಬುದಕ್ಕೆ ಒಳ್ಳೆಯ ಉದಾಹರಣೆ. ಇನ್ನು ನಮ್ಮ ಠಾಣೆ. ಹೊರಗಿನವರಿಗೆ ಠಾಣೆ ಎಂದರೆ 1901ರ ಮಾನಸಿಕ ಆಸ್ಪತ್ರೆ, ಅದರ ಸುತ್ತಲಿನ ತಮಾಷೆಗಳು. ಆದರೆ ಇದೇ ಊರಿನಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿ ಅವರು ‘ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್’ ಕಟ್ಟಿದರು. ಮನೋವೈದ್ಯರೂ ಮರಾಠಿ ನಾಟಕಕಾರರೂ ಆದ ಅವರ ಸಂಸ್ಥೆ ತಜ್ಞರ ಜೊತೆಗೆ ಸಾಮಾನ್ಯ ಜನರನ್ನೂ ಸ್ವಯಂಸೇವಕರಾಗಿ ತೊಡಗಿಸಿಕೊಂಡಿತು. ಅದರ ‘ವೇಧ್’ ಎಂಬ ವಿದ್ಯಾರ್ಥಿ ಸಮಾವೇಶ ಠಾಣೆಯಲ್ಲಿ ಹುಟ್ಟಿ ಬೇರೆ ಊರುಗಳಿಗೂ ಹೋಯಿತು. ಮರಾಠಿಗರು ಇದನ್ನು ತಮ್ಮ ಭಾಷೆಯಲ್ಲೇ ಮಾಡಿಕೊಂಡರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದಿಲ್ಲ.

ಕಲ್ಯಾಣದಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಯ ಹುಡುಗಿಯೊಬ್ಬಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಾಳೆ. ಅಷ್ಟಕ್ಕೇ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ತರಬೇತಿ ಬೇಕು, ನೋಂದಣಿ ಬೇಕು. ಆ ತರಬೇತಿಯ ಸೀಟುಗಳು ಕಡಿಮೆ, ಪ್ರವೇಶ ಪರೀಕ್ಷೆಯ ಸಾಲು ಉದ್ದ. ಈ ಮಧ್ಯದ ಹೊಳೆ ದಾಟುವುದು ಹೇಗೆ? ಒಂದು ಕಡೆ ದುಡ್ಡು ಕಟ್ಟಿ ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್ ಮಾಡಿದಳು. ಒಬ್ಬ ರೋಗಿಯ ಮುಖವನ್ನೂ ನೋಡದೆ ಚಂದದ ಸರ್ಟಿಫಿಕೇಟು ಇಮೇಲಿಗೆ ಬಂತು. ಮನೆಯಲ್ಲಿ ‘ಸುಮ್ಮನೆ ಎಚ್‌ಆರ್ ಸೇರು, ನವಿ ಮುಂಬಯಿಯಲ್ಲಿ ಎಷ್ಟು ಕಂಪನಿಗಳಿವೆ’ ಎನ್ನುತ್ತಾರೆ. ಅಪ್ಪ ಅಮ್ಮನನ್ನು ತಪ್ಪು ಎನ್ನಲಾರೆ, ಅವರು ಕಟ್ಟುತ್ತಿರುವ ಮನೆಸಾಲದ ಕಂತು ಅವರಿಗೇ ಗೊತ್ತು. ಆದರೆ ಅವಳು ಎಚ್‌ಆರ್‌ಗೆ ಹೋದರೆ ಕಳೆದುಕೊಳ್ಳುವವರು ನಾವೂ ಹೌದು.

ಯಾಕೆಂದರೆ ಅವಳ ಬಳಿ ಕನ್ನಡ ಇದೆ. ಹೋಟೆಲು ನಡೆಸಿ ನಿವೃತ್ತರಾದ ಕರಾವಳಿಯ ಹಿರಿಯರು ‘ಡಿಪ್ರೆಶನ್’ ಎನ್ನುವುದಿಲ್ಲ. ‘ಮಂಡೆಬೆಚ್ಚ’ ಎನ್ನುತ್ತಾರೆ. ಧಾರವಾಡದ ಕಡೆಯ ಅಜ್ಜಿ ‘ಜೀವಕ್ಕ ಸಮಾಧಾನ ಇಲ್ಲವ್ವಾ’ ಎನ್ನುತ್ತಾಳೆ. ಈ ಮಾತುಗಳು ಹಿಂದಿಗೆ ಹೋಗುವಷ್ಟರಲ್ಲಿ ‘ಟೆನ್ಶನ್ ಹೈ’ ಆಗಿರುತ್ತವೆ, ಡಾಕ್ಟರು ಗ್ಯಾಸಿನ ಮಾತ್ರೆ ಬರೆದಿರುತ್ತಾರೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಆದರೆ ಅನುವಾದದ ಕನ್ನಡ ಡೊಂಬಿವಲಿಯಲ್ಲಿ ನಲವತ್ತು ವರ್ಷ ಕಳೆದ ಅಜ್ಜಿಗೆ ಅರ್ಥವಾಗುತ್ತದೆಯೆ? ಒಂದೊಂದೇ ಪ್ರಶ್ನೆ ಓದಿ, ‘ಇದನ್ನು ನೀವು ಹೇಗೆ ಹೇಳುತ್ತೀರಿ?’ ಎಂದು ಕೇಳಿ ಬರೆದುಕೊಳ್ಳುವುದು ವಿದ್ಯಾರ್ಥಿಯೊಬ್ಬಳು ಹಿರಿಯ ತಜ್ಞರ ಉಸ್ತುವಾರಿಯಲ್ಲಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಮಾಡಬಹುದಾದ ನಿಜವಾದ ಕೆಲಸ. ಪೋಸ್ಟರಿಗೂ ಆಗುತ್ತದೆ, ಅಜ್ಜಿಗೂ ಆಗುತ್ತದೆ. ರೋಗ ಇದೆ, ಇಲ್ಲ ಎಂದು ತೀರ್ಪು ಕೊಡುವುದು ಮಾತ್ರ ಅವಳ ಕೆಲಸವಲ್ಲ, ಆ ಗೆರೆ ಗಟ್ಟಿಯಾಗಿರಬೇಕು. ತಕ್ಷಣ ಸಹಾಯ ಬೇಕಾದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಬಹುದು, ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಇನ್ನು ನಮ್ಮ ಕನ್ನಡ ಸಂಘಗಳು. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ, ಅರಿಸಿನ ಕುಂಕುಮಕ್ಕೆ ವಿದ್ಯಾರ್ಥಿಗಳನ್ನು ಕರೆಯುತ್ತೇವೆ. ಕುರ್ಚಿ ಜೋಡಿಸಲು, ಊಟ ಬಡಿಸಲು, ಗಣ್ಯರಿಗೆ ಹೂಗುಚ್ಛ ಒಯ್ಯಲು. ಆರೋಗ್ಯ ಶಿಬಿರವಿದ್ದರೆ ಹೆಸರು ಬರೆದುಕೊಳ್ಳಲು. ಶಿಬಿರ ಮುಗಿದ ಮೇಲೆ ಆ ಸಕ್ಕರೆ ಅಂಶದ ಚೀಟಿಗಳು ಏನಾದವು ಎಂದು ಯಾರೂ ಕೇಳುವುದಿಲ್ಲ. ಮನಶ್ಶಾಸ್ತ್ರ, ಆಹಾರಶಾಸ್ತ್ರ, ನರ್ಸಿಂಗ್ ಓದುವ ನಮ್ಮ ನಾಲ್ಕು ಮಕ್ಕಳಿಗೆ ಆ ಚೀಟಿಯವರನ್ನು ಮೂರು ತಿಂಗಳು ತಿರುಗಿ ಮಾತಾಡಿಸುವ ಕೆಲಸ ಕೊಟ್ಟು ನೋಡೋಣ. ಮಾತ್ರೆ ನಿಂತದ್ದು ಯಾವಾಗ, ನಡಿಗೆ ತಪ್ಪಿದ್ದು ಯಾಕೆ, ಅಷ್ಟೇ. ಮಾಹಿತಿ ಗುಟ್ಟಾಗಿರಬೇಕು, ತಿಂಗಳಿಗೊಮ್ಮೆ ನೋಂದಾಯಿತ ತಜ್ಞರೊಬ್ಬರು ಕೂತು ಅವರ ಟಿಪ್ಪಣಿಗಳನ್ನು ತಿದ್ದಬೇಕು. ಆ ತಜ್ಞರ ಗೌರವಧನವೆಷ್ಟು ಎಂದು ಖಜಾಂಚಿಗಳು ಕೇಳುತ್ತಾರೆ, ಕೇಳಲಿ. ಶಾಲು, ಹಾರ, ಸ್ಮರಣಿಕೆಗಳ ಖರ್ಚಿನ ಪಟ್ಟಿಯನ್ನು ಅದೇ ಸಭೆಗೆ ತಂದರೆ ಸಾಕು.