ಮನೆವಾರ್ತೆ: ದಿಲ್ಲಿಯ ಚಳಿಯೂ ಮನೆಯ ಸಂದುಗಳೂ

ಊರಿನಲ್ಲಿ ಗಾಳಿ ಬರಲೆಂದೇ ಮನೆ ಕಟ್ಟುವ ನಮಗೆ ದಿಲ್ಲಿಯ ಚಳಿ ಕಲಿಸುವ ಲೆಕ್ಕವೇ ಬೇರೆ. ಜನವರಿಯಲ್ಲಿ ರಾತ್ರಿಯ ಉಷ್ಣತೆ 5 ಡಿಗ್ರಿಗೂ ಕೆಳಗಿಳಿಯುವುದುಂಟು. 2000 ವಾಟಿನ ಹೀಟರು ಗಂಟೆಗೆ 2 ಯೂನಿಟ್ ನುಂಗುತ್ತದೆ. ದಿನಕ್ಕೆ 5 ಗಂಟೆ ಬಿಡದೆ ಉರಿಸಿದರೆ ತಿಂಗಳಿಗೆ 300 ಯೂನಿಟ್! ಆದುದರಿಂದ ಮೊದಲು ಮನೆಯ ಸಂದುಗಳನ್ನು ನೋಡೋಣ.

ಬಾಗಿಲಡಿಯ ಸಂದಿಗೆ ಹಳೆಯ ಸೀರೆಯನ್ನು ಸುರುಳಿ ಸುತ್ತಿ ಹೊಲಿದಿಟ್ಟರೆ ಸಾಕು. ಕಿಟಕಿಯಲ್ಲಿ ಕೂರಿಸಿದ ಕೂಲರನ್ನು ತೆಗೆಯಲಾಗದಿದ್ದರೆ ಒಳಗಿನಿಂದ ದಪ್ಪ ರಟ್ಟು ಕಟ್ಟಬೇಕು. ಚಳಿಗಾಳಿಗೆ ಅದೇ ಹೆಬ್ಬಾಗಿಲು. ಮೊಸಾಯಿಕ್ ನೆಲಕ್ಕೆ ಜಮಖಾನ ಹಾಸೋಣ. ದಕ್ಷಿಣದ ಕಿಟಕಿಯ ಪರದೆಯನ್ನು ಹಗಲು ಸರಿಸಿ ಬಿಸಿಲನ್ನು ಬರಮಾಡಿಕೊಂಡು, ಹೊತ್ತು ಮುಳುಗುವ ಮುನ್ನ ಎಳೆದುಬಿಡೋಣ.

ಆದರೆ ಒಂದನ್ನು ಮರೆಯಬಾರದು. ಸಂದು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಂಗೀಠಿಯನ್ನಿಟ್ಟು ಮಲಗುವುದು ಪ್ರಾಣಕ್ಕೇ ಸಂಚಕಾರ. ಅದರಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮೇಲೇಳದೆಯೇ ಹೋಗಬಹುದು. ಗ್ಯಾಸ್ ಗೀಜರಿರುವ ಬಚ್ಚಲಿನ ಗವಾಕ್ಷಿಯನ್ನಂತೂ ಎಂದಿಗೂ ಮುಚ್ಚಕೂಡದು. ಊರಿನಿಂದ ಬಂದ ಹಿರಿಯರಿಗೂ, ಮನೆಗೆಲಸದವರಿಗೂ, ರಾತ್ರಿಯ ಕಾವಲುಗಾರನಿಗೂ ಈ ಮಾತನ್ನು ಇಂದೇ ತಿಳಿಸೋಣ.