ದೂರ, ವೇಗ ಮತ್ತು ಕಾಲ

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಅಟ್ಲಾಸ್ ತೆರೆಯಿರಿ. ಎರಡೂ ನಗರಗಳು, ನಮ್ಮ ರಾಯಚೂರಿನಂತೆಯೇ, 77 ಮತ್ತು 78 ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಇವೆ. ಆದ್ದರಿಂದ ದಾರಿ ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಅಕ್ಷಾಂಶಗಳ ಅಂತರ 15.6 ಡಿಗ್ರಿ, ಡಿಗ್ರಿಗೆ 111 ಕಿ.ಮೀ.ನಂತೆ ಸುಮಾರು 1,730 ಕಿ.ಮೀ.

ಗಂಟೆಗೆ 850 ಕಿ.ಮೀ. ವೇಗಕ್ಕೆ ಎರಡು ಗಂಟೆ ಸಾಕು. ಆದರೆ ವೇಳಾಪಟ್ಟಿ ಸುಮಾರು ಎರಡೂಮುಕ್ಕಾಲು ಗಂಟೆ ಎನ್ನುತ್ತದೆ. ಏಕೆ?

ದೇವದುರ್ಗದಿಂದ ಮಾನ್ವಿಗೆ ಹೋಗುವ ಬಸ್ಸು ಒಂದೇ ವೇಗದಲ್ಲಿ ಓಡುವುದೇ? ವಿಮಾನವೂ ಅಷ್ಟೆ. ರನ್‌ವೇವರೆಗೆ ನಿಧಾನ; ಏರುವಾಗ, ಇಳಿಯುವಾಗ ವೇಗ ಕಡಿಮೆ. ಸರಾಸರಿ ಗಂಟೆಗೆ 630 ಕಿ.ಮೀ. ಮಾತ್ರ. ಸೂತ್ರಕ್ಕೆ ಬೇಕಾದುದು ಗರಿಷ್ಠ ವೇಗವಲ್ಲ, ಸರಾಸರಿ ವೇಗ.

ಪಾಲಕರೇ, ಮುಂದಿನ ಬಸ್ ಪ್ರಯಾಣದಲ್ಲಿ ಮಕ್ಕಳಿಗೆ ಗಡಿಯಾರ ಕೊಡಿ. ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ ಅವರೇ ಲೆಕ್ಕ ಹಾಕಲಿ.