ಮುಪ್ಪಿನವರ ಆರೈಕೆ: ಮಾತು ಯಾರದು?

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಕಡೆಯ ಗ್ರಾಮವೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಶರಣ ಕುಟುಂಬವಿದೆ. ಮನೆಯ ಹಿರಿಯರಾದ ತಾಯಿಯವರಿಗೆ ಎಂಬತ್ತು ದಾಟಿದೆ. ಹಿತ್ತಿಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ತಾಯಿಯ ಮೇಲೆ ಅವರಿಗೆ ಮಮತೆಯಿಲ್ಲವೆಂದು ಯಾರೂ ಹೇಳಲಾರರು. ನಗರದ ಸಂಸ್ಥೆಯೊಂದಕ್ಕೆ ತಿಂಗಳಿಗಿಷ್ಟೆಂದು ಹಣ ಕಟ್ಟಿ, ಮನೆಯಲ್ಲಿಯೇ ಇದ್ದು ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳನ್ನು ಕರೆಸಿದರು. ಎಂಟು ಗಂಟೆಗೆ ತಿಂಡಿ, ತಿಂಡಿಯ ಮೇಲೆ ರಕ್ತದೊತ್ತಡದ ಮಾತ್ರೆ, ಹತ್ತಕ್ಕೆ ಸ್ನಾನ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದರು.

ಆ ತಾಯಿಯಾದರೋ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗಕ್ಕೆ ಪೂಜೆ ಸಲ್ಲಿಸದೆ ಬಾಯಿಗೆ ತೊಟ್ಟು ನೀರು ಹಾಕಿದವರಲ್ಲ. ಎಂಟರ ತಿಂಡಿ ತಟ್ಟೆಯಲ್ಲಿಯೇ ಆರುತ್ತಿತ್ತು. ಮಾತ್ರೆ ದಿಂಬಿನ ಕೆಳಗೆ ಸೇರುತ್ತಿತ್ತು. ಒತ್ತಡ ಏರಿದಾಗ 'ಮುದುಕಿಗೆ ಹಠ' ಎಂಬ ವರದಿ ಬೆಂಗಳೂರಿಗೆ ಹೋಯಿತು. ಪಟ್ಟಿಯಲ್ಲಿ ತಪ್ಪಿದೆಯೆಂದು ಯಾರಿಗೂ ಹೊಳೆಯಲಿಲ್ಲ. ನಾವು ನೋಡಲು ಹೋದಾಗ ಅವರು ಹೇಳಿದ ಮಾತು ಇದು: "ಬುದ್ಧಿ, ನನ್ನ ಮಗ ಆ ಆಪೀಸಿನವರ ಕೇಳ್ತನ, ಆಪೀಸಿನವರು ಈ ಹೆಣ್ಣ ಕೇಳ್ತರ. ನನ್ನ ಯಾರೂ ಕೇಳ್ನಿಲ್ಲ."

ಹಣ ಕೊಡುವವನೇ ಒಡೆಯ ಎಂಬುದು ಪೇಟೆಯ ನ್ಯಾಯ. ಆರೈಕೆಗೆ ಆ ನ್ಯಾಯ ಸಲ್ಲದು ಎಂಬ ಅರಿವು ಹೊರದೇಶಗಳಲ್ಲಿಯೂ ತಡವಾಗಿಯೇ ಮೂಡಿತು. ಇಂಗ್ಲೆಂಡಿನಲ್ಲಿ 1996ರ ಕಾಯಿದೆಯು ಆರೈಕೆಯ ಹಣವನ್ನು ಅಂಗವಿಕಲರ ಕೈಗೇ ಕೊಟ್ಟು, ಸಹಾಯಕರನ್ನು ಅವರೇ ಆರಿಸಿಕೊಳ್ಳಲು ಅವಕಾಶವಿತ್ತಿತು; ಆದರೆ ಅರುವತ್ತೈದು ದಾಟಿದವರನ್ನು ಮೊದಲು ಹೊರಗಿಟ್ಟು, 2000ದಲ್ಲಿ ಒಳಗೆ ಸೇರಿಸಿಕೊಂಡಿತು. ಅಮೆರಿಕದ ಅರ್ಕನ್ಸಾ ಸಂಸ್ಥಾನದಲ್ಲಿ 1998ರಲ್ಲಿ ಇಂಥದೇ ಪ್ರಯೋಗ ನಡೆದಾಗ ಬಹುಮಂದಿ ತಮ್ಮ ಬಂಧುಗಳನ್ನೋ ಪರಿಚಿತರನ್ನೋ ನೇಮಿಸಿಕೊಂಡರು. ಅವರ ತೃಪ್ತಿಯೂ ಹೆಚ್ಚಿತ್ತು. ಇನ್ನೊಂದು ಮುಖವನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿಯೇ 2008ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ, ಲೆಕ್ಕಪತ್ರ ಇಡುವುದು, ಆಳುಕಾಳು ನೇಮಿಸುವುದು ಹಲವು ವೃದ್ಧರಿಗೆ ಹೊರೆಯಾಗಿ ತೋರಿತೆಂದು ಕಂಡುಬಂದಿತು. ಹಿರಿಯರು ಬಯಸುವುದು ಲೆಕ್ಕದ ಪುಸ್ತಕವನ್ನಲ್ಲ. ಯಾರು ತಮ್ಮ ಮೈ ಮುಟ್ಟಬೇಕು, ಯಾವ ಹೊತ್ತಿನಲ್ಲಿ ನೀರು ಹಾಕಬೇಕು ಎಂಬುದರಲ್ಲಿ ತಮ್ಮ ಮಾತು ನಡೆಯುವುದನ್ನು.

ತೆರಕಣಾಂಬಿ ಕಡೆಯ ತಾಯಿಯ ಹಿರಿಯ ಮಗ ಒಳ್ಳೆಯವನು, ತಿಳಿಯಹೇಳಿದಾಗ ತಿಳಿದುಕೊಂಡ. ಅರಿಶಿನದ ಹೊಲದ ಗುತ್ತಿಗೆ ಹಣ ಈಗ ತಾಯಿಯ ಖಾತೆಗೇ ಬರುತ್ತದೆ. ಲೆಕ್ಕ ಬರೆಯುವವನು ಮಗ; ಕೂಲಿ ಎಣಿಸಿ ಕೊಡುವ ಕೈ ತಾಯಿಯದು. ಪಕ್ಕದ ಬೀದಿಯ ಹೆಣ್ಣುಮಗಳನ್ನು ಅವರೇ ಆರಿಸಿದರು. ವೈದ್ಯರನ್ನು ಕೇಳಿದಾಗ ಮಾತ್ರೆಯನ್ನು ಪೂಜೆಯ ನಂತರ ಕೊಡಲು ಅಡ್ಡಿಯಿಲ್ಲವೆಂದರು. ಈಗ ಬೆಳಗಿನ ಜಾವಕ್ಕೆ ಬಿಸಿನೀರು, ಪೂಜೆ, ಗಂಜಿ, ಮಾತ್ರೆ. ಗೋಡೆಯ ಪಟ್ಟಿಯನ್ನು ಯಾರೋ ಕಿತ್ತುಹಾಕಿದ್ದಾರೆ. ಸಹಾಯಕಿಗೆ ವಾರಕ್ಕೊಂದು ದಿನ ಬಿಡುವು ಕೊಡಬೇಕೆಂಬುದೂ ಆ ತಾಯಿಯದೇ ನಿರ್ಧಾರ; ಆ ದಿನ ಓರಗಿತ್ತಿಯ ಮಗಳು ಬರುತ್ತಾಳೆ.

ಕೈಯಲ್ಲಿ ಸ್ವಲ್ಪವಾದರೂ ಸ್ವಂತದ್ದು ಉಳಿದಿದ್ದರೆ ಮಾತಿಗೆ ತೂಕ. ಸಂಧ್ಯಾ ಸುರಕ್ಷಾ ಮಾಸಾಶನದಿಂದ ಸಹಾಯಕಿಯ ಕೂಲಿ ತೂಗದು. ಮಕ್ಕಳ ಹೆಸರಿಗೆ ಜಮೀನು ಬರೆದುಕೊಡುವ ಹಿರಿಯರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲಿಯೇ ಬರೆಸುವುದು ಲೇಸು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯ 23ನೆಯ ಪ್ರಕರಣದಂತೆ, ಷರತ್ತು ಮುರಿದರೆ ಆ ಪತ್ರವನ್ನು ಅನೂರ್ಜಿತವೆಂದು ಘೋಷಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಪ್ರೀತಿಯಿರುವಲ್ಲಿ ಷರತ್ತೇಕೆಂದು ಕೇಳುವವರಿದ್ದಾರೆ. ಪ್ರೀತಿಯಿದ್ದರೆ ಆ ಸಾಲು ಯಾರಿಗೂ ಭಾರವಾಗದು.

ಇನ್ನು ನಮಗೆ ಬರೆಯಲು ಸಂಕೋಚವಾಗುವ ಸಂಗತಿ. ಚಾಮರಾಜನಗರದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ, ಪತ್ನಿ ಲಿಂಗೈಕ್ಯರಾಗಿದ್ದಾರೆ. ಇವರಿಗೆ ಆಯ್ಕೆಯ ಸ್ವಾತಂತ್ರ್ಯ ಮೊದಲಿನಿಂದಲೂ ಇತ್ತು. ಮಗಳು ಎಲ್ಲವನ್ನೂ ತಂದೆಯ ಇಚ್ಛೆಗೇ ಬಿಟ್ಟಿದ್ದಾಳೆ. ಅವರು ಆ ಸ್ವಾತಂತ್ರ್ಯವನ್ನು ಬಳಸಿದ್ದು ಬಂದ ಸಹಾಯಕರ ಜಾತಿ ಕೇಳಲು. ಮೂವರನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದರು. ಅವರಲ್ಲೊಬ್ಬ, ಮಾತೂ ಕೆಲಸವೂ ಮೃದುವಾದ ಹುಡುಗ, ಬಾಗಿಲಿಂದಲೇ ಮರಳಿದನಂತೆ. ನಮ್ಮನ್ನು ಕಂಡಾಗ, "ನಮ್ಮವರೇ ಒಬ್ಬರನ್ನು ಹುಡುಕಿಕೊಡಿ ಸ್ವಾಮಿ" ಎಂದರು.

ತನ್ನ ಸ್ನಾನದ ಹೊತ್ತನ್ನು ನಿರ್ಧರಿಸುವುದು ಮುದುಕನ ಹಕ್ಕು. ಇನ್ನೊಬ್ಬನ ಹುಟ್ಟನ್ನು ತೂಗುವುದು ಯಾರ ಹಕ್ಕೂ ಅಲ್ಲ. ಹರಳಯ್ಯ ಮಧುವರಸರ ಬೀಗತನವನ್ನು ಬಸವ ಜಯಂತಿಯಂದು ವೇದಿಕೆಯ ಮೇಲೆ ಕೊಂಡಾಡುವ ಮಂದಿ ನಾವು. ಹಾಸಿಗೆ ಹಿಡಿದವನ ಮೈ ತೊಳೆಯುವುದು ಕಾಯಕವಲ್ಲವಾದರೆ ಮತ್ತಾವುದು ಕಾಯಕ? ಇಷ್ಟನ್ನು ಅವರಿಗೆ ಅಂದೇ ನುಡಿಯಬೇಕಿತ್ತು. ನಾವು ನುಡಿಯಲಿಲ್ಲ. ಹಳೆಯ ಸ್ನೇಹ, ಅವರ ಇಳಿವಯಸ್ಸು, ಮುಂದಿಟ್ಟ ಪ್ರಸಾದ ಎಲ್ಲವೂ ಸೇರಿ ನಮ್ಮ ಬಾಯಿ ಕಟ್ಟಿದವು. "ನೋಡೋಣ" ಎಂದು ಹೇಳಿ ಎದ್ದುಬಂದೆವು.

ಮಗಳು ಭಾನುವಾರ ಮೈಸೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಗೆ ಮರಳುತ್ತಾಳೆ. ಉಳಿದ ಆರು ದಿನ ಅವರು ಒಬ್ಬರೇ, ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಾರೆ. ಈ ತಿಂಗಳು ನಮಗೆ ಚಾಮರಾಜನಗರದಲ್ಲಿ ಕೆಲಸವಿದೆ. ಮೊದಲು ಅವರ ಮನೆಗೆ ಹೋಗುತ್ತೇವೆ. ಆ ಹುಡುಗನ ವಿಳಾಸವನ್ನು ವಿಚಾರಿಸಿ ಇಟ್ಟುಕೊಂಡಿದ್ದೇವೆ.